ಎಣ್ಣೆಯೊಳಗಿನ ಗುಟ್ಟು ಬಿಡಿಸಿದ ಸೈಮನ್‌ಸನ್

ಮನೆಯಲ್ಲಿ ಅತ್ತರಿನ ಶೀಶೆ ಇದ್ದರೆ ಒಮ್ಮೆ ಮೂಸಿ ನೋಡಿ. ಆಮೇಲೆ ಹಿತ್ತಿಲಿಗೆ ಹೋಗಿ ಒಂದು ತುಳಸಿ ಎಲೆ ಕಿವುಚಿ. ನಮ್ಮ ಬದನಗುಪ್ಪೆಯಲ್ಲಿ ತುಳಸಿಗೇನು ಬರವಿಲ್ಲ. ಒಂದು ಗಿಡದ ಎಲೆಗೆ ಲವಂಗದ ಘಾಟು, ಇನ್ನೊಂದಕ್ಕೆ ಅಷ್ಟಿಲ್ಲ. ಲವಂಗದಲ್ಲಿರುವ ಯೂಜಿನಾಲ್ ಎಂಬ ವಸ್ತುವೇ ಕೆಲವು ತುಳಸಿಗಳಲ್ಲಿ ಹೆಚ್ಚು, ಕೆಲವುಗಳಲ್ಲಿ ಮೀಥೈಲ್ ಯೂಜಿನಾಲ್ ಹೆಚ್ಚು. ನೋಡಲು ಗಿಡ ಒಂದೇ, ಎಣ್ಣೆ ಬೇರೆ. ಔಷಧಿ ಮಾಡುವವರಿಗೂ ಮಾರುವವರಿಗೂ ಇದು ಸಣ್ಣ ಮಾತಲ್ಲ. ನಮ್ಮ ದೇಶದ ಕಾಡುಗಿಡಗಳ ಇಂಥ ಎಣ್ಣೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದವರಲ್ಲಿ ಹೆಸರಾದವರು ಸರ್ ಜಾನ್ ಲಯೊನೆಲ್ ಸೈಮನ್‌ಸನ್.

1884ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಹುಟ್ಟಿದ ಇವರು ಅಲ್ಲಿಯೇ ರಸಾಯನಶಾಸ್ತ್ರ ಕಲಿತು, 1910ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಪ್ರಾಧ್ಯಾಪಕರಾಗಿ ಬಂದರು. ಅಂದು ಭಾರತದ ವಿಜ್ಞಾನಿಗಳು ಒಂದೆಡೆ ಕೂಡುವ ವೇದಿಕೆಯೇ ಇರಲಿಲ್ಲ. ಲಖನೌದ ಪ್ರೊ. ಮ್ಯಾಕ್‌ಮಹೊನ್ ಅವರೊಡನೆ ಸೇರಿ ಸೈಮನ್‌ಸನ್ ಓಡಾಡಿದ್ದರಿಂದ 1914ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಮೊದಲ ಅಧಿವೇಶನ ನಡೆಯಿತು.

1919ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಗೆ ಹೋದ ಮೇಲೆ ಅವರ ದೊಡ್ಡ ಕೆಲಸ ಶುರುವಾಯಿತು. ಹಿಮಾಲಯದ ಚೀರ್ ಮರದ ರಾಳವನ್ನು ಬಟ್ಟಿ ಇಳಿಸಿದರೆ ಟರ್ಪೆಂಟೈನ್ ಸಿಗುತ್ತದೆ. ಬಣ್ಣದ ಕೆಲಸಕ್ಕೆ ಬೇಕಾದ ಎಣ್ಣೆ ಅದು. ಆದರೆ ಪರದೇಶದ ಟರ್ಪೆಂಟೈನಿನ ಮುಂದೆ ನಮ್ಮದನ್ನು ಕಡಿಮೆ ದರ್ಜೆಯದೆಂದು ಎಣಿಸುತ್ತಿದ್ದರು. ಸೈಮನ್‌ಸನ್ ಅದನ್ನು ನಿಧಾನವಾಗಿ ಕಾಯಿಸಿ, ಬೇರೆ ಬೇರೆ ಶಾಖದಲ್ಲಿ ಆವಿಯಾಗುವ ಭಾಗಗಳನ್ನು ಪ್ರತ್ಯೇಕಿಸಿದರು. ಪರದೇಶದ ಎಣ್ಣೆಯಲ್ಲಿ ಮುಖ್ಯವಾಗಿರುವುದು ಪೈನೀನ್, ಅದು ಸುಮಾರು 156 ಡಿಗ್ರಿಯಲ್ಲಿ ಕುದಿಯುತ್ತದೆ. ಚೀರ್ ಎಣ್ಣೆಯಲ್ಲಿ ಅದರ ಜೊತೆಗೆ ಸುಮಾರು 170 ಡಿಗ್ರಿಯಲ್ಲಿ ಕುದಿಯುವ ಹೊಸ ವಸ್ತುವೊಂದು ಧಾರಾಳವಾಗಿತ್ತು. 1920ರಲ್ಲಿ ಪ್ರಕಟವಾದ ಆ ವಸ್ತುವೇ ಕ್ಯಾರೀನ್. ಗಾಳಿಯ ಆಮ್ಲಜನಕವನ್ನು ಹೀರಿ ಅಂಟಂಟಾಗುವುದು ಇದರ ಸ್ವಭಾವ.

ಇಲ್ಲಿ ಒಂದು ಸೋಜಿಗ ಗಮನಿಸಿ. ಪೈನೀನಿನಲ್ಲೂ ಕ್ಯಾರೀನಿನಲ್ಲೂ 10 ಕಾರ್ಬನ್, 16 ಹೈಡ್ರೋಜನ್ ಪರಮಾಣುಗಳೇ ಇವೆ. ಲೆಕ್ಕ ಒಂದೇ, ಜೋಡಣೆ ಬೇರೆ. ಪರೀಕ್ಷೆಯಲ್ಲಿ ಸೂತ್ರ ಬರೆದು ಸುಮ್ಮನಾಗುವ ನಮ್ಮ ಮಕ್ಕಳು (ಮೇಷ್ಟ್ರುಗಳಾದ ನಾವೂ ಸೇರಿ) ಇದನ್ನು ನೆನಪಿಡಬೇಕು.

ಮಾಡ್ಯಾರ್ ಗೋಪಾಲರಾಯರೊಡನೆ ಅವರು ಇನ್ನೂ ಹಲವು ಭಾರತೀಯ ಗಿಡಗಳ ಎಣ್ಣೆಗಳನ್ನು ಪರೀಕ್ಷಿಸಿದರು. 1925ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಮೈಸೂರು ಸಂಸ್ಥಾನದ ಗಂಧದೆಣ್ಣೆ ಕಾರ್ಖಾನೆಗೆ ದಾರಿ ಮಾಡಿದ ಪ್ರಯೋಗಗಳು ನಡೆದದ್ದು ಅದೇ ಸಂಸ್ಥೆಯಲ್ಲಿ. ಮೂರು ವರ್ಷ ಅಲ್ಲಿದ್ದು 1928ರಲ್ಲಿ ಸ್ವದೇಶಕ್ಕೆ ಮರಳಿದರು. ಇಂಥ ವಸ್ತುಗಳ ಬಗ್ಗೆ ಅವರು ಬರೆದ ಟರ್ಪೀನ್ಸ್ ಎಂಬ ಗ್ರಂಥ 1931ರಿಂದ ಹೊರಬಂದಿತು. 1949ರಲ್ಲಿ ಸರ್ ಪದವಿ ದೊರೆಯಿತು. 1957ರಲ್ಲಿ ತೀರಿಕೊಂಡರು.

ಚೀರ್ ಎಣ್ಣೆಯಲ್ಲಿ ಕಂಡ ಮತ್ತೊಂದು ವಸ್ತುವಿಗೆ ಅವರು ಮರದ ಅಂದಿನ ಶಾಸ್ತ್ರೀಯ ಹೆಸರಾದ ಪೈನಸ್ ಲಾಂಗಿಫೋಲಿಯದಿಂದ ಲಾಂಗಿಫೋಲೀನ್ ಎಂದು ಹೆಸರಿಟ್ಟಿದ್ದರು. ಮರವನ್ನು ಈಗ ಪೈನಸ್ ರಾಕ್ಸ್‌ಬರ್ಗಿ ಎನ್ನುತ್ತಾರೆ. ಎಣ್ಣೆಯೊಳಗಿನ ಹೆಸರು ಮಾತ್ರ ಹಾಗೆಯೇ ಉಳಿದಿದೆ.