ಪ್ರೊ|| ಟಿ. ಎಸ್. ವೆಂಕಣ್ಣಯ್ಯನವರು

ನಮ್ಮ ಕಾಲೇಜಿನ ಗ್ರಂಥಭಂಡಾರದಲ್ಲಿ ಕುವೆಂಪುರವರ ‘ಶ್ರೀ ರಾಮಾಯಣ ದರ್ಶನಂ’ ಇದೆ. ಪರೀಕ್ಷೆಗೆ ಬೇಕಾದ ಭಾಗವನ್ನಷ್ಟೇ ಹುಡುಕುತ್ತಿದ್ದ ನಾನು ಅದರ ಅರ್ಪಣೆಯ ಪುಟವನ್ನು ಎರಡು ವರ್ಷ ಮಗುಚಿಯೇ ಹಾಕಿದೆನು. ಈ ವರ್ಷ ಓದಿದೆನು. ಅಂಥ ಮಹಾಕಾವ್ಯವು ಯಾವ ದೊರೆಗೂ ಅಲ್ಲ, ಒಬ್ಬ ಉಪಾಧ್ಯಾಯರಿಗೆ ಅರ್ಪಿತವಾಗಿದೆ!

ವೆಂಕಣ್ಣಯ್ಯನವರು 1885ರಲ್ಲಿ ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲ್ಲೂಕಿನ ತಳುಕಿನವರ ಮನೆತನದಲ್ಲಿ ಜನಿಸಿದರು. ಕಾದಂಬರಿಕಾರ ತ. ರಾ. ಸು. ಅವರೂ ಅದೇ ಮನೆತನದವರು. ಎ. ಆರ್. ಕೃಷ್ಣಶಾಸ್ತ್ರಿಗಳು ಇವರ ಪರಮಮಿತ್ರರು. ಇಬ್ಬರನ್ನೂ ಕನ್ನಡದ ಅಶ್ವಿನೀದೇವತೆಗಳೆಂದು ಕರೆಯುವುದುಂಟು. ಈ ಮಿತ್ರರು ಕೂಡಿ ರಾಘವಾಂಕನ ಹರಿಶ್ಚಂದ್ರಕಾವ್ಯವನ್ನು ಸಂಗ್ರಹಿಸಿಕೊಟ್ಟರು. ವೆಂಕಣ್ಣಯ್ಯನವರು ಬರೆದುದು ಹೆಚ್ಚಲ್ಲ. ಅವರ ಪುಸ್ತಕಗಳನ್ನು ಎಣಿಸಹೊರಟವನಿಗೆ ನಿರಾಶೆಯೇ ಸರಿ.

ಶಿಷ್ಯರನ್ನು ಎಣಿಸಬೇಕು. 1927ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ. ಎ. ತರಗತಿ ಆರಂಭವಾಯಿತು. ಮಹಾರಾಜಾ ಕಾಲೇಜಿನಲ್ಲಿ ಇವರ ಮುಂದೆ ಕುಳಿತ ಮೊದಲ ತಂಡದಲ್ಲಿಯೇ ಕುವೆಂಪು ಮತ್ತು ಡಿ. ಎಲ್. ನರಸಿಂಹಾಚಾರ್ಯರು ಇದ್ದರು, ಅನಂತರ ಜಿ. ಪಿ. ರಾಜರತ್ನಂ ಬಂದರು. ಒಬ್ಬರು ಮಹಾಕವಿಗಳಾದರು, ಒಬ್ಬರು ಹಳಗನ್ನಡದ ಗ್ರಂಥಸಂಪಾದನೆಗೆ ಹೆಸರಾದರು, ಇನ್ನೊಬ್ಬರು ಹೆಂಡಗುಡುಕ ರತ್ನನ ಬಾಯಿಂದ ಹಾಡಿಸಿದರು. ಮೂವರಲ್ಲಿ ಒಬ್ಬರೂ ಇನ್ನೊಬ್ಬರಂತಿಲ್ಲ. ನನ್ನನ್ನು ಬೆರಗುಗೊಳಿಸಿದುದು ಇದೇ. ನಮ್ಮ ತರಗತಿಯಲ್ಲಿ ಎಲ್ಲರೂ ಒಂದೇ ಟಿಪ್ಪಣಿಯನ್ನು ಉರುಹೊಡೆದು ಒಂದೇ ಉತ್ತರ ಬರೆಯುತ್ತೇವೆ. ನಾನೂ ಹಾಗೆ ಬರೆದೇ ತೇರ್ಗಡೆಯಾದವನು. ತಪ್ಪು ಅಧ್ಯಾಪಕರದೆಂದು ಹೇಳಲಾರೆ. ಕೇಳುವ ಧೈರ್ಯ ನಮಗೇ ಇಲ್ಲ.

ಕುವೆಂಪುರವರು 1936ರಲ್ಲಿ ಕಾವ್ಯವನ್ನು ಆರಂಭಿಸಿದಾಗ ಗುರುಗಳಿದ್ದರು. 1939ರಲ್ಲಿ ಅವರು ತೀರಿಕೊಂಡರು. ಕಾವ್ಯದ ಮೊದಲ ಸಂಪುಟ ಅಚ್ಚಾದುದು 1949ರಲ್ಲಿ. ಅರ್ಪಣೆಯಲ್ಲಿ ಶಿಷ್ಯರು ಗುರುಗಳು ಎದುರಿಗೇ ಕುಳಿತಿರುವರೋ ಎಂಬಂತೆ ಕೆಲಸ ಮುಗಿದ ವರದಿಯನ್ನು ಒಪ್ಪಿಸುತ್ತಾರೆ.

ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಇಷ್ಟು ಓದಿ ಏನು ತಿಳಿದುಕೊಂಡೆಯೆಂದು ನಮ್ಮ ತಂದೆಯವರು ರಜೆಗೆ ಹೋದಾಗಲೆಲ್ಲ ಕೇಳುತ್ತಾರೆ. ದಸರೆಯ ರಜೆಯಲ್ಲಿ ಅವರಿಗೆ ಈ ಪುಟವನ್ನು ಓದಿ, ಅರ್ಥ ಬಿಡಿಸಿ ಹೇಳಿದೆನು. ಮೇಷ್ಟ್ರು ಆ ಪುಸ್ತಕವನ್ನು ನೋಡಿದರೇ ಎಂದು ಕೇಳಿದರು. ಇಲ್ಲವೆಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಇನ್ನೊಂದು ಸಲ ಓದು ಎಂದರು.