ಬಿರುಕಿನ ಜಮಾಖರ್ಚು ಬರೆದ ಗ್ರಿಫಿತ್

ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳ ಗೆಣ್ಣಿನಿಂದ ಬಡಿದು ನೋಡದೆ ದುಡ್ಡು ಕೊಡುವುದಿಲ್ಲ. ಗಟ್ಟಿ ಮಡಕೆ ಠಣ್ಣೆನ್ನುತ್ತದೆ; ಬಿರುಕು ಬಿಟ್ಟದ್ದರದು ಒಡಕು ದನಿ. ನಮ್ಮ ಬನ್ನಂಜೆಗೆ ಗಂಟೆಯ ಹಾದಿಯಲ್ಲಿರುವ ಕಾರ್ಕಳದಲ್ಲಿ ವೀರಪಾಂಡ್ಯನು 1432ರಲ್ಲಿ ಪ್ರತಿಷ್ಠಾಪಿಸಿದ 42 ಅಡಿಯ ಏಕಶಿಲಾ ಗೊಮ್ಮಟನನ್ನು ಕಂಡಾಗಲೆಲ್ಲ, ಕಲ್ಲಿನ ನಾದದಿಂದಲೇ ಅದರ ದೋಷವನ್ನು ಅರಿಯುವ ಶಿಲ್ಪಿಗಳ ಪರಂಪರಾಗತ ವಿದ್ಯೆ ನನಗೆ ನೆನಪಾಗುತ್ತದೆ. ಆದರೆ ಯಾವ ಬಿರುಕು ಸುಮ್ಮನಿರುತ್ತದೆ, ಯಾವುದು ಬೆಳೆದು ವಸ್ತುವನ್ನೇ ಸೀಳುತ್ತದೆ ಎಂಬ ಲೆಕ್ಕವನ್ನು ಲೋಕಕ್ಕೆ ಕೊಟ್ಟವನು ಇಂಗ್ಲೆಂಡಿನ ಅಲನ್ ಆರ್ನಾಲ್ಡ್ ಗ್ರಿಫಿತ್. ಎಂಜಿನಿಯರಿಂಗ್ ಓದಿದವರಿಗೆಲ್ಲ ಆತನ ಸೂತ್ರ ಗೊತ್ತು; ಬದುಕು ಗೊತ್ತಿರುವವರು ವಿರಳ.

1893ರಲ್ಲಿ ಲಂಡನ್ನಿನಲ್ಲಿ ಜನಿಸಿದ ಗ್ರಿಫಿತ್, ವೈಜ್ಞಾನಿಕ ಕಾದಂಬರಿಗಳಿಂದ ಹೆಸರಾಗಿದ್ದ ಜಾರ್ಜ್ ಗ್ರಿಫಿತ್‌ನ ಮಗ. ಲಿವರ್‌ಪೂಲಿನಲ್ಲಿ ಓದಿ, 1915ರಲ್ಲಿ ಫಾರ್ನ್‌ಬರೋದ ಸರ್ಕಾರಿ ವಿಮಾನ ಕಾರ್ಖಾನೆಯನ್ನು ಸೇರಿದ. ತಿರುಚಿದ ದಂಡದೊಳಗೆ ಒತ್ತಡ ಎಲ್ಲಿ ಹೆಚ್ಚೆಂಬುದನ್ನು ಬರಿಯ ಗಣಿತದಿಂದ ಬಿಡಿಸುವುದು ಆಗ ದುಸ್ತರವಾಗಿತ್ತು. ಜಿ. ಐ. ಟೇಲರ್ ಜೊತೆಗೂಡಿ ಆತ ಬೇರೊಂದು ಉಪಾಯ ಹೂಡಿದ: ದಂಡದ ಅಡ್ಡಕೊಯ್ತದ ಆಕಾರದಲ್ಲಿ ರಂಧ್ರ ಕೊರೆದು, ಅದಕ್ಕೆ ಸಾಬೂನಿನ ಪೊರೆ ಹಬ್ಬಿಸಿ, ತುಸು ಉಬ್ಬಿಸಿ, ಪೊರೆಯ ಇಳಿಜಾರನ್ನು ಅಳೆದು ಒತ್ತಡವನ್ನು ತಿಳಿಯುವುದು. ಇಂದು ಗಣಕಯಂತ್ರಗಳು ಮಾಡುವ ಅನುಕರಣೆಯನ್ನು ಅಂದು ಸಾಬೂನಿನ ಗುಳ್ಳೆ ಮಾಡಿತ್ತು.

ಆತನ ಕೀರ್ತಿಗೆ ಕಾರಣವಾದುದು 1921ರಲ್ಲಿ ಪ್ರಕಟವಾದ ಪ್ರಬಂಧ. ಅಣುಬಂಧದ ಲೆಕ್ಕದಂತೆ ಗಾಜು ತಾಳಬೇಕಾದ ಹೊರೆಗಿಂತ ಎಷ್ಟೋ ಕಡಿಮೆ ಹೊರೆಗೇ ಒಡೆಯುವುದೇಕೆ? ಗಾಜನ್ನು ಕರಗಿಸಿ ಎಳೆಗಳನ್ನು ತೆಗೆದು ಪರೀಕ್ಷಿಸಿದಾಗ, ಎಳೆ ತೆಳುವಾದಷ್ಟೂ ಬಲ ಹೆಚ್ಚುವುದು ಕಂಡಿತು. ಸಾಮಾನ್ಯ ಗಾಜನ್ನು ದುರ್ಬಲಗೊಳಿಸುವುದು ಕಣ್ಣಿಗೆ ಕಾಣದ ಗೀರುಗಳೆಂದು ಗ್ರಿಫಿತ್ ತೀರ್ಮಾನಿಸಿದ. ಬಿರುಕು ಮುಂದೆ ಸಾಗಲು ಹೊಸ ಮೈ ತೆರೆಯಬೇಕು. ಅದು ಶಕ್ತಿಯ ಖರ್ಚು. ಸಾಗಿದಂತೆ ಸುತ್ತಣ ಬಿಗಿತ ಸಡಿಲವಾಗಿ ಶಕ್ತಿ ದೊರೆಯುತ್ತದೆ, ಅದು ಜಮೆ. ಜಮೆಯು ಖರ್ಚನ್ನು ಮೀರಿದೊಡನೆ ಬಿರುಕು ತಡೆಯಿಲ್ಲದೆ ಓಡುತ್ತದೆ.

ಸಮಕಾಲೀನ ಎಂಜಿನಿಯರುಗಳು ಇದಕ್ಕೆ ಹೆಚ್ಚು ಬೆಲೆ ಕೊಡಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಬೆಸುಗೆಯ ಹಡಗುಗಳು ತಣ್ಣೀರಿನಲ್ಲಿ ಸೀಳಿದ ಮೇಲೆ ಲೋಕಕ್ಕೆ ಎಚ್ಚರವಾಯಿತು. ಅಷ್ಟರಲ್ಲಿ ಗ್ರಿಫಿತ್ ಜೆಟ್ ಎಂಜಿನ್ನಿನತ್ತ ಹೊರಳಿದ್ದ. 1939ರಲ್ಲಿ ರೋಲ್ಸ್ ರಾಯ್ಸ್ ಸೇರಿ, 1960ರಲ್ಲಿ ನಿವೃತ್ತನಾಗಿ, 1963ರಲ್ಲಿ ತೀರಿಕೊಂಡ.

ಬಿರುಕು ಬೆಳೆಯುವಾಗ ಬಿಡುಗಡೆಯಾಗುವ ಶಕ್ತಿಯ ಒಂದಂಶ ಸದ್ದಾಗಿ ಹೊಮ್ಮುತ್ತದೆ. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ಈ ಸದ್ದು ಜೀವನ್ಮರಣದ ಪ್ರಶ್ನೆಯಾಗಿತ್ತು. ಮೂರು ಕಿಲೋಮೀಟರಿಗೂ ಆಳಕ್ಕಿಳಿದ ಚಾಂಪಿಯನ್ ರೀಫ್ ಗಣಿಯಲ್ಲಿ ಬಂಡೆಗಳು ಸಿಡಿದು ಕಾರ್ಮಿಕರನ್ನು ಬಲಿ ತೆಗೆದುಕೊಳ್ಳುತ್ತಿದ್ದವು. 1978ರಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ನೆರವಿನಿಂದ ಅಲ್ಲಿ ಬಂಡೆಯ ಕಂಪನವನ್ನು ಆಲಿಸುವ ಉಪಕರಣಗಳ ಜಾಲ ಸ್ಥಾಪನೆಯಾಯಿತು. ಎಲ್ಲಿ ಬಂಡೆ ಬಿರಿಯುತ್ತಿದೆಯೆಂದು ಇಂಥ ಜಾಲ ತೋರಬಲ್ಲದು. ಸಿಡಿಯುವ ಗಳಿಗೆಯನ್ನು ಖಚಿತವಾಗಿ ಹೇಳುವುದು ಇಂದಿಗೂ ಕಷ್ಟ. ಗ್ರಿಫಿತ್‌ನ ಲೆಕ್ಕಕ್ಕೆ ಬಿರುಕಿನ ಉದ್ದ ತಿಳಿದಿರಬೇಕು. ಬಂಡೆಯೊಳಗಿನ ಬಿರುಕುಗಳಾದರೋ ಅಸಂಖ್ಯ. ಆದ್ದರಿಂದಲೇ ಆಲಿಸಿದ ಸದ್ದಿನ ನೆಲೆಗಳನ್ನು ಗಣಕಯಂತ್ರದ ಮಾದರಿಗೆ ಉಣಿಸಿ, ಅಪಾಯದ ಸಂಭವವನ್ನು ಅಂದಾಜು ಮಾಡುತ್ತಾರೆ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದರೂ ಆ ವಿದ್ಯೆ ಹಳತಾಗಿಲ್ಲ.

ಕಾಂಕ್ರೀಟ್ ಕೂಡ ಗಾಜಿನಂತೆ ಬಿರಿಯುವ ವಸ್ತುವೇ. 2024ರ ಆಗಸ್ಟ್ 7ರಂದು ಕಾರವಾರದ ಹಳೆಯ ಕಾಳಿ ಸೇತುವೆ ನಡುರಾತ್ರಿ ಕುಸಿದು ಲಾರಿಯೊಂದು ನದಿಗೆ ಬಿತ್ತು. ಕುಸಿತಕ್ಕೆ ಕಾರಣ ಏನೇ ಇರಲಿ, ನಾವು ಹಳೆಯ ಸೇತುವೆಗಳಿಗೆ ಕಿವಿಗೊಡುತ್ತಿದ್ದೇವೆಯೇ ಎಂಬ ಪ್ರಶ್ನೆಯನ್ನು ಅದು ಎತ್ತಿದೆ. ಬಿರುಕಿಲ್ಲದ ವಸ್ತುವಿಲ್ಲ ಎಂಬುದು ಗ್ರಿಫಿತ್ ಕಲಿಸಿದ ಪಾಠ. ಬಿರುಕು ಇರುವುದು ಯಾರ ಅಪರಾಧವೂ ಅಲ್ಲ. ಅದು ಬೆಳೆಯುವ ಸದ್ದನ್ನು ಆಲಿಸದಿರುವುದು ಅಪರಾಧ. ಕರಾವಳಿಯ ಹಳೆಯ ಸೇತುವೆಗಳಲ್ಲಿ ಎಷ್ಟಕ್ಕೆ ಇಂಥ ಪರೀಕ್ಷೆ ನಡೆದಿದೆಯೆಂಬುದನ್ನು ಸಂಬಂಧಪಟ್ಟವರು ಜನರ ಮುಂದಿಡಬೇಕು.