ಪಂಡಿತೆ ರಮಾಬಾಯಿಯವರ ಚರಿತ್ರೆ

ತುಂಗೆ, ಭದ್ರೆ, ನೇತ್ರಾವತಿ ಎಂಬ ಮೂರು ಹೊಳೆಗಳು ಹುಟ್ಟುವ ಗಂಗಾಮೂಲವೆಂಬ ಘಟ್ಟದ ಹೆಸರನ್ನು ನೀವು ಕೇಳಿರಬಹುದು. ಅಲ್ಲಿಯ ಕಾಡಿನೊಳಗೆ 1858ನೆಯ ಇಸವಿ ಏಪ್ರಿಲ್ 23ರಂದು ರಮಾಬಾಯಿಯವರು ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ದೊಡ್ಡ ಸಂಸ್ಕೃತ ಪಂಡಿತರು. ಅಂಥವರು ಊರು ಬಿಟ್ಟು ಕಾಡು ಸೇರಿದ್ದೇಕೆಂದರೆ, ತಮ್ಮ ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತವನ್ನು ಕಲಿಸಿದ್ದೇ ಅವರ ಅಪರಾಧವಾಯಿತು. ಸ್ವಜಾತಿಯವರು ಆಕ್ಷೇಪಿಸಿದ್ದರಿಂದ ಅವರು ಉಡುಪಿಯ ಪಂಡಿತರ ಸಭೆಯ ಮುಂದೆ ನಿಂತು, ಶಾಸ್ತ್ರಗಳಿಂದಲೇ ಆಧಾರಗಳನ್ನು ತೋರಿಸಿ ತಮ್ಮ ಪಕ್ಷವನ್ನು ಸ್ಥಾಪಿಸಬೇಕಾಯಿತು.

ರಮಾಬಾಯಿಯವರು ಆರು ತಿಂಗಳ ಕೂಸಾಗಿದ್ದಾಗಲೇ ಆಸ್ತಿಯೆಲ್ಲಾ ಕರಗಿ ಕುಟುಂಬವು ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತು ಘಟ್ಟ ಇಳಿಸಿದರಂತೆ. ಮುಂದೆ ಆ ಕುಟುಂಬವು ದೇವಸ್ಥಾನಗಳಲ್ಲಿ ಪುರಾಣ ಓದಿ, ದಕ್ಷಿಣೆಯಿಂದ ಜೀವಿಸುತ್ತಾ ದೇಶವೆಲ್ಲಾ ತಿರುಗಿತು. ಬರಗಾಲದಲ್ಲಿ ತಂದೆ ತಾಯಿ ಒಬ್ಬರ ಹಿಂದೊಬ್ಬರು ತೀರಿಹೋದರು. ತಾಯಿಯ ಶವವನ್ನು ಹೊರುವುದಕ್ಕೆ ಇಬ್ಬರೇ ಬ್ರಾಹ್ಮಣರು ಬಂದದ್ದರಿಂದ ಅಣ್ಣ ಶ್ರೀನಿವಾಸನು ಮೂರನೆಯವನಾದನು, ರಮಾಬಾಯಿಯವರೇ ನಾಲ್ಕನೆಯವರಾದರು. ಎತ್ತರ ಸಾಲದೆ ಅವರು ಚಟ್ಟದ ತಮ್ಮ ಮೂಲೆಯನ್ನು ತಲೆಯ ಮೇಲಿಟ್ಟು ನಡೆದರು.

1878ರಲ್ಲಿ ಅಣ್ಣತಂಗಿಯರು ಕಲ್ಕತ್ತಾಕ್ಕೆ ಬಂದಾಗ ಅಲ್ಲಿನ ಪಂಡಿತರು ಈಕೆಯ ವಿದ್ಯೆಗೆ ಬೆರಗಾಗಿ ಪಂಡಿತೆ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣನೂ ಸತ್ತನು. ಅದೇ ವರುಷ ಅವರು ಬೇರೆ ಜಾತಿಯ ಬಂಗಾಳಿ ವಕೀಲ ಬಿಪಿನ್ ಬಿಹಾರಿಯವರನ್ನು ಸರಕಾರೀ ಕಾನೂನಿನ ಪ್ರಕಾರ ಮದುವೆಯಾದರು. 1882ರ ಫೆಬ್ರವರಿಯಲ್ಲಿ ಗಂಡನು ವಾಂತಿಭೇದಿಯಿಂದ ತೀರಿಕೊಂಡಾಗ ಮಗಳು ಮನೋರಮೆಗೆ ಇನ್ನೂ ವರುಷ ತುಂಬಿರಲಿಲ್ಲ.

ಆ ಕಾಲದ ವಿಧವೆಯ ಸ್ಥಿತಿಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಮರಣವು ಎಲ್ಲರ ಮನೆಗೂ ಬರುತ್ತದೆ. ಹೆಂಡತಿ ಸತ್ತರೆ ಗಂಡನು ಕೆಲವು ತಿಂಗಳಲ್ಲೇ ಮತ್ತೆ ಹಸೆಮಣೆ ಏರುತ್ತಿದ್ದನು, ಅವಳ ಸಾವಿಗೆ ಅವನ ಪಾಪ ಕಾರಣವೆಂದು ಯಾರೂ ಹೇಳುತ್ತಿರಲಿಲ್ಲ. ಗಂಡ ಸತ್ತರೋ, ಅದು ಹೆಂಡತಿಯ ಪೂರ್ವಜನ್ಮದ ಪಾಪದ ಫಲವೆಂದು ಊರೇ ತೀರ್ಪು ಕೊಡುತ್ತಿತ್ತು. ಮೇಲ್ಜಾತಿಯ ವಿಧವೆಯ ತಲೆ ಬೋಳಿಸಿ, ಬಳೆ ಒಡೆದು, ಹೊತ್ತಿಗೊಂದೇ ಊಟ ಕೊಟ್ಟು ಮೂಲೆಗೆ ಕೂರಿಸುತ್ತಿದ್ದರು. ಗಂಡನ ಮುಖವನ್ನೇ ಸರಿಯಾಗಿ ಕಾಣದ ಎಂಟು ವರುಷದ ಹುಡುಗಿಗೂ ವಿಧವೆಯೆಂಬ ಹೆಸರು ಸಾಯುವ ತನಕ ಅಂಟಿಕೊಳ್ಳುತ್ತಿತ್ತು. ಬೆಳಗ್ಗೆ ಪ್ರಯಾಣ ಹೊರಟವನು ಅವಳನ್ನು ಎದುರಿಗೆ ಕಂಡರೆ ಹಿಂದಿರುಗುತ್ತಿದ್ದನು. ನಮ್ಮ ಹಳ್ಳಿಗಳ ಬಾವಿಕಟ್ಟೆಯಲ್ಲಿ ಇಂದಿಗೂ ಕೇಳಬರುವ ಒಂದು ಬೈಗುಳಕ್ಕೆ ವಿಧವೆ ಎಂಬುದರ ಹೊರತು ಬೇರೆ ಅರ್ಥವಿಲ್ಲ. ದುಃಖದ ಹೆಸರೇ ಬೈಗುಳವಾದದ್ದು ಹೇಗೆಂದು ಬೈಯುವವರು ಯೋಚಿಸುವುದಿಲ್ಲ.

ವಿಧವೆಯರ ಮದುವೆಗೆ 1856ರಲ್ಲಿಯೇ ಕಾನೂನು ಒಪ್ಪಿಗೆ ಕೊಟ್ಟಿತ್ತು. ಆದರೆ ನ್ಯಾಯಾಲಯವು ಬಿಚ್ಚಿದ ಕಟ್ಟನ್ನು ನೆರೆಹೊರೆಯವರು ಬಿಚ್ಚಲಿಲ್ಲ. 1881ರ ಜನಗಣತಿಯಲ್ಲಿ ದೇಶದ ವಿಧವೆಯರ ಸಂಖ್ಯೆ ಎರಡು ಕೋಟಿಯನ್ನು ಮೀರಿತ್ತು.

ರಮಾಬಾಯಿಯವರು ಮೂಲೆ ಹಿಡಿಯಲಿಲ್ಲ. ಪುಣೆಗೆ ಬಂದು ಸ್ತ್ರೀಯರ ಸಮಾಜವೊಂದನ್ನು ಸ್ಥಾಪಿಸಿದರು; ಹಂಟರ್ ಆಯೋಗದ ಮುಂದೆ ನಿಂತು ಹೆಣ್ಣುಮಕ್ಕಳಿಗೆ ಉಪಾಧ್ಯಾಯಿನಿಯರೂ ವೈದ್ಯೆಯರೂ ಬೇಕೆಂದು ಸಾಕ್ಷಿ ಹೇಳಿದರು. 1883ರಲ್ಲಿ ಇಂಗ್ಲೆಂಡಿಗೆ ಹೋಗಿ ಸೆಪ್ಟೆಂಬರ್ 29ರಂದು ಮಗಳೊಡನೆ ದೀಕ್ಷಾಸ್ನಾನವನ್ನು ಹೊಂದಿದರು. ಆ ಸುದ್ದಿ ಬಂದೊಡನೆ ಬಿರುದು ಕೊಟ್ಟು ಹೊಗಳಿದ್ದ ಅನೇಕರು ಮುಖ ತಿರುಗಿಸಿದರು. ಇದನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ದೀಕ್ಷಾಸ್ನಾನವಾದ ಮರುದಿನದಿಂದ ತಮ್ಮ ಮನೆಯ ನೀರು ಮುಟ್ಟದ ನೆರೆಯವರನ್ನು ಕಂಡ ಹಿರಿಯರು ನಮ್ಮ ಸಭೆಗಳಲ್ಲಿದ್ದಾರೆ. ಆದರೂ ಅವರು ಪರದೇಶದಲ್ಲಿ ಸೀರೆಯನ್ನಾಗಲಿ ಸಸ್ಯಾಹಾರವನ್ನಾಗಲಿ ಬಿಡಲಿಲ್ಲ, ಉಪದೇಶಿಸಿದವರ ಮಾತನ್ನೆಲ್ಲಾ ಕಣ್ಣು ಮುಚ್ಚಿ ಒಪ್ಪಲೂ ಇಲ್ಲ.

ಬಳಿಕ ಅಮೇರಿಕಕ್ಕೆ ಹೋಗಿ, 1887ರಲ್ಲಿ ಮೇಲ್ಜಾತಿಯ ಹಿಂದೂ ಸ್ತ್ರೀಯ ಕಷ್ಟಗಳನ್ನು ಕುರಿತು ಇಂಗ್ಲಿಷಿನಲ್ಲಿ ಪುಸ್ತಕ ಬರೆದು, ಧನಸಹಾಯ ಕೂಡಿಸಿ ಸ್ವದೇಶಕ್ಕೆ ಮರಳಿದರು. 1889ನೆಯ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದಾಗ ಇದ್ದವರು ಇಬ್ಬರೇ ವಿದ್ಯಾರ್ಥಿನಿಯರು. ಅವರಲ್ಲೊಬ್ಬಳು ಗೋದೂಬಾಯಿ ಎಂಬ ಬಾಲವಿಧವೆ. ಅಲ್ಲಿ ಹುಡುಗಿಯರು ತಮ್ಮ ಜಾತಿಯ ನೇಮದಂತೆಯೇ ಅಡಿಗೆ, ಊಟ, ಪೂಜೆ ನಡಿಸಿಕೊಳ್ಳಬಹುದಾಗಿತ್ತು. 1893ರಲ್ಲಿ ಧೋಂಡೋ ಕೇಶವ ಕರ್ವೆ ಎಂಬ ಅಧ್ಯಾಪಕರು ಗೋದೂಬಾಯಿಯನ್ನು ಮದುವೆಯಾದರು. ಕರ್ವೆಯವರ ಸ್ವಂತ ಊರಾದ ಮುರುಡದವರು ಅವರಿಗೆ ಬಹಿಷ್ಕಾರ ಹಾಕಿದರು. ಅದೇ ಕರ್ವೆಯವರು ಮುಂದೆ ವಿಧವೆಯರಿಗೆ ಆಶ್ರಮವನ್ನೂ 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನೂ ಸ್ಥಾಪಿಸಿದರು, 1958ರಲ್ಲಿ ಭಾರತರತ್ನರಾದರು.

ಅದೇ 1893ರಲ್ಲಿ ಪುಣೆಗೆ ಬಂದಿದ್ದ ಸದನದ ಮೇಲೂ ಬಿರುಗಾಳಿ ಎದ್ದಿತು. ಕೆಲವು ಹುಡುಗಿಯರು ರಮಾಬಾಯಿಯವರ ಪ್ರಾರ್ಥನೆಯಲ್ಲಿ ಕುಳಿತುಕೊಳ್ಳುತ್ತಾರೆಂದು ಪತ್ರಿಕೆಗಳು ಕೂಗಿದವು, ರಾನಡೆಯವರಂಥ ಹಿತೈಷಿಗಳೂ ಸಲಹಾಮಂಡಲಿಯನ್ನು ಬಿಟ್ಟರು, ಪೋಷಕರು ಮಕ್ಕಳನ್ನು ಹಿಂದಕ್ಕೆ ಕರೆದೊಯ್ದರು. ಪೋಷಕರ ಭಯವು ಸುಳ್ಳಾಗಿತ್ತೆಂದು ಹೇಳಲಾರೆ. ಮಕ್ಕಳು ಮತ ಬದಲಿಸಿಯಾರೆಂಬುದೇ ಆ ಭಯ. ಆದರೆ ಹಿಂದಿರುಗಿದ ಹುಡುಗಿಯರಿಗಾಗಿ ಮನೆಗಳಲ್ಲಿ ಕಾದಿದ್ದದ್ದು ಅದೇ ಹಳೆಯ ಮೂಲೆ.

1896ರ ಬರಗಾಲದಲ್ಲಿ ಅವರು ಮಧ್ಯಪ್ರಾಂತಗಳಿಗೆ ಹೋದರು. ಬಾಲ್ಯದಲ್ಲಿ ತಾವೇ ಹಸಿವನ್ನು ಕಂಡವರಾದ್ದರಿಂದ ಅಲ್ಲಿಯ ಅನಾಥ ಹೆಣ್ಣುಮಕ್ಕಳನ್ನು ಬಿಟ್ಟು ಬರಲಾರದೆ, ನೂರಾರು ಮಂದಿಯನ್ನು ಕರೆತಂದು ಪುಣೆಗೆ ಸಮೀಪದ ಕೇಡಗಾಂವದಲ್ಲಿ ಇರಿಸಿದರು. ಅದೇ ಮುಕ್ತಿ ಸದನ. 1900ರ ಹೊತ್ತಿಗೆ ಅಲ್ಲಿ ಸುಮಾರು ಎರಡು ಸಾವಿರ ಜನರಿದ್ದರು. ಜಾತಿಯ ನೇಮ ಇಲ್ಲಿರಲಿಲ್ಲ. ಕುರುಡಿಯರಿಗೂ ಮುದುಕಿಯರಿಗೂ ಸ್ಥಳವಿತ್ತು. ಕೆಟ್ಟವಳೆಂದು ಲೋಕವು ಹೆಸರಿಟ್ಟು ತಳ್ಳಿದವಳಿಗಾಗಿ ಕೃಪಾ ಸದನವೆಂಬ ಬೇರೆ ಮನೆಯನ್ನೂ ಕಟ್ಟಿಸಿದರು. ಅವರು ಕೈಗಳಿಗೆ ಕೆಲಸ ಕೊಟ್ಟರು: ಮಗ್ಗ, ಎಣ್ಣೆಯ ಗಾಣ, ಹೊಲ, ಅಚ್ಚುಕೂಟ.

ತಾಯಿಯ ಕೆಲಸವನ್ನು ಮುಂದುವರಿಸಬೇಕಾಗಿದ್ದ ಮನೋರಮೆಯು 1921ರಲ್ಲಿ ತೀರಿಹೋದರು. ರಮಾಬಾಯಿಯವರು ಮೂಲಭಾಷೆಗಳಾದ ಇಬ್ರಿಯ, ಗ್ರೀಕುಗಳನ್ನು ಕಲಿತು, ಸಾಮಾನ್ಯ ಹೆಂಗಸರಿಗೆ ತಿಳಿಯುವಂಥ ಮರಾಠಿಯಲ್ಲಿ ಸತ್ಯವೇದವನ್ನು ಭಾಷಾಂತರಿಸುತ್ತಾ ಬಂದಿದ್ದರು. ಆ ಕೆಲಸವನ್ನು ಮುಗಿಸಿ 1922ನೆಯ ಏಪ್ರಿಲ್ 5ರಂದು ಕಣ್ಣು ಮುಚ್ಚಿದರು. ಆ ಪುಸ್ತಕವು ಅಚ್ಚಾದದ್ದು ಮುಕ್ತಿಯ ಅಚ್ಚುಕೂಟದಲ್ಲಿಯೇ. ಮೊಳೆಗಳನ್ನು ಜೋಡಿಸಿದವರು ಆ ಸದನದ ಹೆಂಗಸರೇ.